ಗೇರ್ ಆಯಿಲ್ ಕದ್ದವರು

ಚನ್ನಬಸವಣ್ಣ ನನ್ನನ್ನು ಕಳ್ಳ ಅಂದದ್ದು ಅವನ ಮನೆ ಅಂಗಳದಲ್ಲಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಅಂದದ್ದು ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ, ಸರಗೂರು ಬಸ್ಸಿಗೆ ಕಾಯುತ್ತ ಹದಿನೈದು ಜನ ಕೂತಿದ್ದಾಗ. ಅದೂ ಬೈದು ಹೇಳಲಿಲ್ಲ. ಬೋಂಡ ಮುರಿಯುತ್ತ, ನಗುತ್ತ ಹೇಳಿದ.

"ನಮ್ ಶಂಕ್ರ ಬಲು ಚುರುಕು ಕಣ್ರಪ್ಪ. ಬೀಗ ಹಾಕಿದ್ರೂ ಆಯಿಲ್ ಮಾಯ ಮಾಡ್ತಾನೆ."

ಹದಿನೈದು ಜನವೂ ನಕ್ಕರು. ಅಂಗಡಿಯವನು ನನಗೆ ಕೊಡಬೇಕಿದ್ದ ಟೀಯನ್ನು ಕೈಯಲ್ಲೇ ಹಿಡಿದು ನಕ್ಕ.

ನಡೆದದ್ದು ಇಷ್ಟು. ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ನಿಂತ ಒಣ ಗಿಡ ಕೀಳಲು ಆಳು ಸಿಗುವುದಿಲ್ಲ ಎಂದು ಚನ್ನಬಸವಣ್ಣ ಆ ವರ್ಷ ಸ್ಲ್ಯಾಷರ್ ತಂದ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಮಿಷನ್ನು. ಮೇಲೆ ಕಬ್ಬಿಣದ ದೊಡ್ಡ ಮುಚ್ಚಳ, ಮುಚ್ಚಳದ ನೆತ್ತಿಯಲ್ಲಿ ಗೇರ್ ಬಾಕ್ಸು, ಅಡಿಯಲ್ಲಿ ಗಿರ್ರೆಂದು ಸುತ್ತುವ ಎರಡು ಅಲಗು. ಮೇಲೆ ಹಾದುಹೋದರೆ ಹತ್ತಿ ಗಿಡ ಪುಡಿಪುಡಿ. ಎನ್. ಬೇಗೂರಿನಿಂದ ಜನ ಬಂದು ಬದುವಿನ ಮೇಲೆ ನಿಂತು ನೋಡಿದರು. ಓಡಿಸುವವನು ನಾನು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಿಜ, ಆದರೆ ದಿನಾ ಬೆಳಿಗ್ಗೆ ಗ್ರೀಸ್ ಹೊಡೆದು, ನಟ್ಟು ಬಿಗಿಮಾಡಿ, ಗೇರ್ ಬಾಕ್ಸಿನ ಬಿರಡೆ ತೆಗೆದು ಆಯಿಲ್ ನೋಡದೆ ಒಂದು ದಿನವೂ ಗಾಡಿ ಎತ್ತಿದವನಲ್ಲ.

ಎರಡು ವಾರ ಸರಿಯಿತ್ತು. ಆಮೇಲೆ ಆಯಿಲ್ ಇಳಿಯತೊಡಗಿತು. ಹೋಗಿ ಹೇಳಿದವನೂ ನಾನೇ. ಕದ್ದವನು ತಾನಾಗಿ ಹೋಗಿ ಹೇಳುತ್ತಾನೆಯೇ? ಇಷ್ಟು ಬುದ್ಧಿ ಬೇಡವೇ?

ಚನ್ನಬಸವಣ್ಣ ಮಿಷನ್ನಿನ ಅಡಿಯ ನೆಲ ಮುಟ್ಟಿ ಮೂಸಿ ನೋಡಿದ. ಒಂದು ತೊಟ್ಟೂ ಇಲ್ಲ. ಸೋರಿಲ್ಲ ಅಂದ ಮೇಲೆ ಯಾರೋ ಬಸಿದುಕೊಂಡಿದ್ದಾರೆ ಅಂತ ಅವನ ಲೆಕ್ಕ. ಸರಗೂರಿನಲ್ಲಿ ಕಬ್ಬಿನ ಹಾಲು ಮಾರುವ ಕಂಠಪ್ಪ ನನ್ನ ಸೋದರಮಾವ. ಅವನ ಗಾಣ ಕಿರುಗುಟ್ಟುವುದು ಅದೇ ವಾರ ನಿಂತಿತ್ತು. ಸಾಕ್ಷಿ ಅಷ್ಟೇ. ಚನ್ನಬಸವಣ್ಣ ಬಿರಡೆಗೆ ಕೊಂಡಿ ವೆಲ್ಡ್ ಮಾಡಿಸಿ ಬೀಗ ಜಡಿದು ಕೀಲಿಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ದಿನಾ ಬೆಳಿಗ್ಗೆ ಅವನು ಸ್ನಾನ ಮಾಡಿ ಬರುವತನಕ ನಾನು ಅಂಗಳದಲ್ಲಿ ಕಾಯಬೇಕು. ಬೀಗ ಹಾಕಿದ ಮೇಲೂ ಆಯಿಲ್ ಇಳಿಯಿತು. ಆಗ ಅವನಿಗೆ ಹೊಳೆದದ್ದು ಮಿಷನ್ನಿನಲ್ಲಿ ತೊಂದರೆ ಇದೆ ಎಂದಲ್ಲ, ನಾನು ಕಳ್ಳಕೀಲಿ ಮಾಡಿಸಿದ್ದೇನೆ ಎಂದು.

ಟೀ ಅಂಗಡಿಯಿಂದ ಬಂದವನು ಕೆಲಸ ಬಿಟ್ಟು ಹೋಗೋಣ ಅಂದುಕೊಂಡೆ. ಹೋದರೆ ಕಳ್ಳ ಅನ್ನುವ ಹೆಸರು ನನ್ನ ಜೊತೆಗೇ ಬರುತ್ತದೆ. ಯಾವ ಊರಿನಲ್ಲಿ ಯಾರು ನನ್ನ ಕೈಗೆ ಸ್ಟೀರಿಂಗ್ ಕೊಟ್ಟಾರು? ಮಿಷನ್ನನ್ನೇ ಬಿಚ್ಚಿಬಿಡುತ್ತೇನೆ, ನೀವೂ ನಿಂತು ನೋಡಬೇಕು ಎಂದು ಹಠ ಹಿಡಿದೆ.

ಸೋಮವಾರ ಬಸವನ ದಿನ, ನಮ್ಮಲ್ಲಿ ಎತ್ತಿಗೆ ನೊಗ ಇಡುವುದಿಲ್ಲ. ಎತ್ತು ಮಾರಿದ ಮೇಲೆ ಆ ರಜೆ ಟ್ರ್ಯಾಕ್ಟರಿಗೆ ಬಂದಿತ್ತು. ಅವತ್ತು ಸ್ಲ್ಯಾಷರ್ ಎತ್ತಿ, ನಾಲ್ಕು ಮೂಲೆಗೂ ಮರದ ದಿಮ್ಮಿ ಕೊಟ್ಟು ಅಲಗು ಮಸೆಯುವುದು ವಾಡಿಕೆ. ಆ ಸೋಮವಾರವೂ ಹಾಗೇ ದಿಮ್ಮಿ ಕೊಟ್ಟು, ಎಂಜಿನ್ ಆರಿಸಿ, ಶಾಫ್ಟು ಕಳಚಿ ಅಡಿಗೆ ನುಗ್ಗಿದೆ. ಅಲಗಿನ ನಡುವಣ ನಟ್ಟು ಜಗ್ಗಲಿಲ್ಲ. ನಟ್ಟು ಬಿಚ್ಚುವ ಪಾನಕ್ಕೆ ಉದ್ದ ಪೈಪು ತೊಡಿಸಿ ಚನ್ನಬಸವಣ್ಣನನ್ನು ಅದರ ತುದಿಯ ಮೇಲೆ ಕೂರಲು ಹೇಳಿದೆ. ಕೂತ. ನಟ್ಟು ಕಿರ್ ಎಂದು ಬಿಟ್ಟುಕೊಂಡಿತು, ಯಜಮಾನ ದೊಪ್ಪನೆ ನೆಲಕ್ಕೆ ಬಿದ್ದ. ಆ ತಿಂಗಳಲ್ಲಿ ನನಗೆ ಸಿಕ್ಕ ಸಂತೋಷ ಅದೊಂದೇ.

ಅಲಗು ಇಳಿಸಿದಾಗ ಅದರ ಹಿಂದೆ, ಮಸೆಯುವಾಗ ಕಣ್ಣಿಗೆ ಬೀಳದ ಜಾಗದಲ್ಲಿ, ಆಯಿಲ್ ತಡೆಯುವ ರಬ್ಬರ್ ಸೀಲಿನ ಬಾಯಲ್ಲಿ, ಇಲಿಗೂಡಿನಂಥ ಕಪ್ಪು ಉಂಡೆ. ಕುಡುಗೋಲಿನಿಂದ ಕೊಯ್ದು ಎಳೆದೆ. ಕುರಿ ಉಣ್ಣೆಯ ಕರಿದಾರ. ಒಂದಲ್ಲ, ಏಳು. ಶಾಫ್ಟಿಗೆ ಸುತ್ತಿ ಸುತ್ತಿ ಸೀಲನ್ನು ಅರೆದು ಹಾಕಿದ್ದವು. ಅಲಗು ತಿರುಗುವಾಗ ಮಾತ್ರ ಆಯಿಲ್ ಜಿನುಗಿ, ಗಾಳಿಗೆ ಹೊಲದ ತುಂಬ ಚೆದುರುತ್ತಿತ್ತು. ನಿಂತಾಗ ಜಿನುಗಿದ್ದನ್ನು ಉಣ್ಣೆಯೇ ಕುಡಿಯುತ್ತಿತ್ತು. ಅಂಗಳದಲ್ಲಿ ತೊಟ್ಟು ಎಲ್ಲಿಂದ ಬರಬೇಕು?

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಚನ್ನಬಸವಣ್ಣನ ತಾಯಿ ಸಿದ್ದಲಿಂಗಮ್ಮ ತಲೆ ಎತ್ತಿ ನೋಡಿದರು.

"ಅದು ನಂದು ಕಣಪ್ಪ," ಅಂದರು.

ಬೇಗೂರಿನವರು ಬಂದು ನೋಡಿಹೋದ ಮೇಲೆ ಮಿಷನ್ನಿಗೆ ದೃಷ್ಟಿ ಆಗಿದೆ ಅಂತ ಅವರಿಗೆ ಅನ್ನಿಸಿತಂತೆ. ಸೋಮವಾರ ನಾನು ದಿಮ್ಮಿ ಕೊಟ್ಟು ಊಟಕ್ಕೆ ಹೋದಾಗ ಅಡಿಗೆ ತೂರಿ, ಹಾಲು ಕರೆಯುವ ಎಮ್ಮೆಯ ಕಾಲಿಗೆ ಕಟ್ಟಿದ ಹಾಗೆ ಶಾಫ್ಟಿಗೆ ಒಂದು ದಾರ ಕಟ್ಟಿದರಂತೆ. ಮುಂದೆ ಆಯಿಲ್ ಇಳಿಯಿತು ಅಂತ ಮಗ ಕೂಗಾಡಿದಾಗ, ದೃಷ್ಟಿ ಜೋರಾಗಿದೆ, ಒಂದು ದಾರ ಸಾಲದು ಅಂತ ವಾರಕ್ಕೊಂದರಂತೆ ಸೇರಿಸಿದರಂತೆ. ಇವನು ಕೂಗಿದಷ್ಟೂ ಅವರು ಕಟ್ಟಿದರು, ಅವರು ಕಟ್ಟಿದಷ್ಟೂ ಆಯಿಲ್ ಇಳಿಯಿತು, ಇಳಿದಷ್ಟೂ ನಾನು ಕಳ್ಳನಾದೆ.

ಚನ್ನಬಸವಣ್ಣ ಕುಂಡಿಯ ಧೂಳು ಕೊಡವಿಕೊಂಡು, ಆಯ್ತು ಬುಡು, ಗೊತ್ತಾಯ್ತಲ್ಲ ಅಂದ.

"ಇಲ್ಲಿ ಅಲ್ಲ ಅಣ್ಣ. ಅಂದಿದ್ದು ಎಲ್ಲಿ? ಅಲ್ಲೇ ಬಂದು ಹೇಳಿ. ಅದೇ ಬಸ್ಸಿನ ಹೊತ್ತಿಗೆ."

ಇಲ್ಲವಾದರೆ ಹೊಸ ಸೀಲು ಹಾಕುವುದಿಲ್ಲ ಅಂದೆ. ಸ್ಲ್ಯಾಷರನ್ನು ಅಲ್ಲೇ ಬಿಟ್ಟು ಟ್ರ್ಯಾಕ್ಟರಿನಲ್ಲಿ ಹೊರಟೆವು. ನನ್ನ ಸುದ್ದಿ ತಾನೇ, ನಾನೂ ಬರುತ್ತೇನೆ ಎಂದು ಸಿದ್ದಲಿಂಗಮ್ಮನವರೂ ಟ್ರೈಲರಿಗೆ ಹತ್ತಿದರು.

ಚನ್ನಬಸವಣ್ಣ ಅಂಗಡಿಯಲ್ಲಿ ಎರಡು ಟೀ ಕುಡಿದ. ಮಳೆಯ ಮಾತಾಡಿದ. ಬಸ್ಸಿನ ಹಾರನ್ ಕೇಳಿಸುವ ಹೊತ್ತಿಗೆ, ಗ್ಲಾಸಿನೊಳಗೆ ನೋಡುತ್ತ, ಶಂಕ್ರ ಕದ್ದಿಲ್ಲ ಕಣ್ರಪ್ಪ, ಸೀಲು ಹೋಗಿತ್ತು ಅಂದ. ಹೊಸಾ ಮಿಷನ್ನಿನ ಸೀಲು ಅದೆಂಗೆ ಹೋಯಿತು ಎಂದು ಟ್ರ್ಯಾಕ್ಟರ್ ಇಟ್ಟಿದ್ದ ಮಂಟಯ್ಯ ಕೇಳಿದ. ಕಂಪನಿಯವರು ಹಳೇದು ಹಾಕಿರ್ತಾರೆ ಎಂದು ಇವನು ತೊದಲಿದ.

"ಯಾಕ್ಲಾ ಸುಳ್ಳೇಳ್ತೀಯ," ಅಂದರು ಸಿದ್ದಲಿಂಗಮ್ಮ. "ಈ ಹೈದ ಒಂದ್ ತೊಟ್ಟೂ ಮುಟ್ಟಿಲ್ಲ. ನಾ ಕಟ್ಟಿದ್ ದಾರಗಳು ಸೀಲ್ ತಿಂದಾಕವೆ. ಏಳು ದಾರ ಸುತ್ಕಂಡು ಉಂಡೆ ಆಗೋಗವೆ ಅಂದ್ರೆ ದೃಷ್ಟಿ ಎಂಥದಿರ್ಬೇಕು ನೋಡ್ರಪ್ಪ. ಗೇರಿಗೆ ಮಾತ್ರ ಏನೂ ಆಗಿಲ್ಲ."

ಅಷ್ಟೂ ಜನ ನನ್ನ ಕಡೆ ನೋಡಿದ್ದು ಒಂದೇ ಒಂದು ಗಳಿಗೆ. ಆಮೇಲೆ ಸಿದ್ದಲಿಂಗಮ್ಮನವರ ಕಡೆ ತಿರುಗಿದರು. ಆ ದಾರ ಯಾವ ಕುರಿಯದು, ಕಟ್ಟುವಾಗ ಏನು ಹೇಳಬೇಕು ಎಂದು ಕೇಳತೊಡಗಿದರು. ಬಸ್ಸು ಬಂದರೂ ಇಬ್ಬರು ಹತ್ತಲಿಲ್ಲ. ಮುಂದಿನ ಸೋಮವಾರ ತನ್ನ ಗಾಡಿಗೂ ಒಂದು ಕಟ್ಟಿಕೊಡಿ ಎಂದು ಮಂಟಯ್ಯ ಕೈಮುಗಿದ.

ನನಗೆ ತಡೆಯಲಾಗಲಿಲ್ಲ. ಕಟ್ಟುವುದಾದರೆ ಮುಂದೆ ಲೈಟಿಗೆ ಕಟ್ಟಿಸಿಕೊಳ್ಳಿ, ತಿರುಗುವ ಜಾಗಕ್ಕೆ ಬೇಡ ಅಂದೆ.

ಮಂಟಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀ ಸುಮ್ಕಿರು ಮಗ. ಓಡ್ಸೋರಿಗೆ ಇದೆಲ್ಲ ತಿಳಿಯಕಿಲ್ಲ."