ಬಿರಾಗೊ ಬಡಿಸಿದ ಸಾರು

ಫೋಸುವಾ ಸ್ಟೂಲು ಹತ್ತಿ ಗೇಟಿನ ಮೇಲಿನ ಬ್ಯಾನರನ್ನು ಕಿತ್ತೆಳೆಯುತ್ತಿದ್ದಳು. ಒಂದು ತುದಿ ಕಳಚಿ ಬಂತು, ಇನ್ನೊಂದು ಬರಲಿಲ್ಲ. ಬ್ಯಾನರಿನಲ್ಲಿ ಅವಳ ಅತ್ತೆ ಬಿರಾಗೊ ತಲೆ ಕೆದರಿಕೊಂಡು ಕೆಂಪುಗಣ್ಣು ಬಿಡುತ್ತಿದ್ದಳು. ಒಳಗೆ ಅದೇ ಬಿರಾಗೊ ಬಿಳಿ ಲೇಸಿನ ಉಡುಪಿನಲ್ಲಿ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಸಾವಿನ ಮನೆಗೆಂದು ಕಪ್ಪು ಕೆಂಪು ಬಟ್ಟೆ ಉಟ್ಟು ಕುಮಾಸಿಯ ಅರ್ಧ ಊರೇ ಅಂಗಳದಲ್ಲಿ ಸೇರಿತ್ತು.

ಬ್ಯಾನರ್ ಮಾಡಿಸಿ ತಂದವನು ಸಿನಿಮಾ ನಿರ್ದೇಶಕ ಓಬಿರಿ. ಜನ ಅವಳನ್ನು ಗುರುತಿಸುವುದೇ ಈ ಮುಖದಿಂದ ಎಂದು ಸಮಜಾಯಿಷಿ ಕೊಟ್ಟ.

"ಇವತ್ತು ಹೋಗ್ತಿರೋದು ನಮ್ಮತ್ತೆ ಯಜಮಾನ್ರೆ, ನಿಮ್ಮ ಮಾಟಗಾತಿ ಅಲ್ಲ," ಎಂದಳು ಫೋಸುವಾ.

*

ಮುದುಕಿಯಾದರೆ ಮಾಟಗಾತಿ, ಹುಡುಗಿಯಾದರೆ ಅಳುವ ಹೆಂಡತಿ. ಓಬಿರಿಯ ಚಿತ್ರಗಳಲ್ಲಿ ಹೆಂಗಸರಿಗೆ ಮೂರನೆಯ ಪಾತ್ರವಿರಲಿಲ್ಲ. ಬಿರಾಗೊ ಅವುಗಳಲ್ಲಿ ವರ್ಷಗಟ್ಟಲೆ ಮಾಟ ಮಾಡಿದಳು. ಮಾರುಕಟ್ಟೆಯಲ್ಲಿ ಬಸುರಿಯರು ಅವಳನ್ನು ಕಂಡರೆ ಹೊಟ್ಟೆ ಮುಚ್ಚಿಕೊಂಡು ಸರಿಯುತ್ತಿದ್ದರು. ಬಿರಾಗೊ ಮನೆಗೆ ಬಂದು ಅವರಂತೆಯೇ ನಟಿಸಿ ಸೊಸೆಯನ್ನು ನಗಿಸುತ್ತಿದ್ದಳು. ಆದರೆ ಫೋಸುವಾ ಬಸುರಿಯಾಗಿ, ಮಾಟಗಾತಿಯ ಮನೆಯಲ್ಲಿ ಹೆರುವುದು ಬೇಡವೆಂದು ತವರಿನವರು ಕರೆದೊಯ್ಯಲು ಬಂದಾಗ ಬಿರಾಗೊ ನಗಲಿಲ್ಲ.

ಮರುದಿನ ಚಿತ್ರೀಕರಣಕ್ಕೆ ಫೋಸುವಾಳನ್ನೂ ಕರೆದುಕೊಂಡು ಹೋದಳು. ಬಸುರಿ ಸೊಸೆಯ ಸಾರಿಗೆ ಅತ್ತೆ ವಿಷ ಬೆರೆಸುವ ದೃಶ್ಯ. ಕ್ಯಾಮೆರಾ ಓಡುತ್ತಿದ್ದಂತೆ ಬಿರಾಗೊ ವಿಷದ ಬಾಟಲಿಯನ್ನು ಪಕ್ಕಕ್ಕಿಟ್ಟಳು. ಶೇಂಗಾ ಸಾರನ್ನು ತಾನೇ ರುಚಿ ನೋಡಿ, ಊದಿ ಆರಿಸಿ, ಸೊಸೆಯಾಗಿದ್ದ ಹುಡುಗಿಯ ಮುಂದಿಟ್ಟಳು.

"ಬಿಸಿ ಇದೆ ಮಗಳೇ, ನಿಧಾನಕ್ಕೆ ಕುಡಿ."

ಓಬಿರಿ ಕೂಗಾಡಿದ. ಇಂಥ ಅತ್ತೆಯನ್ನು ಯಾರು ದುಡ್ಡು ಕೊಟ್ಟು ನೋಡುತ್ತಾರೆಂದು ಕೇಳಿದ.

"ನನ್ನ ಸೊಸೆ ನೋಡಿದ್ಲಲ್ಲ, ಸಾಕು," ಎಂದಳು ಬಿರಾಗೊ.

ಅವನು ಆ ದೃಶ್ಯವನ್ನು ಕತ್ತರಿಸಿ ಬಿಸಾಡಿದ. ಬಹಳ ಕಾಲ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಫೋಸುವಾ ಮಾತ್ರ ತವರಿಗೆ ಹೋಗಲಿಲ್ಲ. ಹುಟ್ಟಿದ ಮಗುವನ್ನು ಮೊದಲು ಎತ್ತಿಕೊಂಡವಳು ಬಿರಾಗೊ.

*

ಫೋಸುವಾಳನ್ನು ಇಳಿಸಿ ಓಬಿರಿ ತಾನೇ ಸ್ಟೂಲು ಹತ್ತಿ ಬ್ಯಾನರಿನ ಇನ್ನೊಂದು ತುದಿಯ ಗಂಟು ಬಿಚ್ಚಿದ.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತರು. ಸಿನಿಮಾದಲ್ಲಿ ಹಾಕುವಂತೆ ಬಿರಾಗೊ ಮನೆಯಲ್ಲೂ ಶಾಪ ಹಾಕುತ್ತಿದ್ದಳೇ ಎಂದು ನೆರೆಮನೆಯವಳು ಕೇಳಿದಳು. ಅತ್ತೂ ಅತ್ತೂ ಮುಖ ಊದಿಕೊಂಡಿದ್ದ ಫೋಸುವಾ ಎದ್ದು ನಿಂತಳು. ಕಣ್ಣು ಹೊರಳಿಸಿ, ಬಿರಾಗೊಳ ಗೊಗ್ಗರು ದನಿಯನ್ನೇ ತಂದುಕೊಂಡು, ಓಬಿರಿಯತ್ತ ಬೆರಳು ಚಾಚಿದಳು.

"ನಿನ್ನ ತಲೇಲಿ ಒಂದು ಕೂದಲೂ ಉಳೀದೇ ಹೋಗ್ಲಿ."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಓಬಿರಿ ತಟ್ಟೆ ಕೆಳಗಿಟ್ಟ. ಟೋಪಿ ತೆಗೆದು, ಬಿಸಿಲಿಗೆ ಹೊಳೆಯುವ ಬೋಳುತಲೆಯನ್ನು ಅವರೆದುರು ತಗ್ಗಿಸಿ ಕೂತ.