ಮಂಗಳನ ಮೇಲೊಂದು ಬೆಚ್ಚನೆಯ ಬಾಯಿ

ಸಂಜೆ ಆರು ಗಂಟೆಯೊಳಗೆ ನುಸೈಬಾ ಒಂದು ಚುಕ್ಕಿಯನ್ನು ಆರಿಸಬೇಕಿತ್ತು. ಚುಕ್ಕಿ ಇದ್ದದ್ದು ಮಂಗಳ ಗ್ರಹದ ಮೇಲೆ. ಆರಿಸಬೇಕಾದವಳು ಕುಳಿತದ್ದು ಪುತ್ತೂರಿನ ಹತ್ತಿರದ ಸವಣೂರಿನ ತನ್ನ ಮನೆಯ ಹಿಂಬದಿಯ ಜಗಲಿಯಲ್ಲಿ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಗಡಿಯಾರ ಆಗಲೇ ನಾಲ್ಕು ದಾಟಿತ್ತು.

ಪುತ್ತೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅವಳು ಎರಡು ವರ್ಷಗಳಿಂದ ಒಂದು ವಿಚಿತ್ರ ಬೇಟೆಯಲ್ಲಿ ತೊಡಗಿದ್ದಳು. ಮಂಗಳನನ್ನು ಸುತ್ತುವ ನೌಕೆಯೊಂದು ಅಲ್ಲಿನ ನೆಲದ ಬಿಸಿ-ತಂಪನ್ನು ಅಳೆದು ಚಿತ್ರಗಳಾಗಿ ಕಳುಹಿಸುತ್ತಿತ್ತು. ಬಿಸಿಯಾದ ಜಾಗ ಬೆಳ್ಳಗೆ, ತಣ್ಣಗಿನ ಜಾಗ ಕಪ್ಪಗೆ ಕಾಣುವ ಆ ಚಿತ್ರಗಳು ಸಾವಿರಗಟ್ಟಲೆ ಬಂದು ಬೀಳುತ್ತಿದ್ದವು. ಎಲ್ಲವನ್ನೂ ನೋಡಿ ಮುಗಿಸಲು ವಿಜ್ಞಾನಿಗಳ ಕಣ್ಣುಗಳು ಸಾಲುತ್ತಿರಲಿಲ್ಲ. ಹೀಗಾಗಿ ದೇಶದೇಶಗಳ ಆಸಕ್ತರಿಗೆ ಒಂದೊಂದು ತುಂಡು ನೆಲವನ್ನು ಹಂಚಿಕೊಟ್ಟಿದ್ದರು. ನುಸೈಬಾಳ ಪಾಲಿಗೆ ಬಂದದ್ದು ಹಳೆಯ ಜ್ವಾಲಾಮುಖಿಯೊಂದರ ಇಳಿಜಾರು. ಅಲ್ಲಿ ಹುಡುಕಬೇಕಾದದ್ದು ಗುಹೆಯ ಬಾಯಿ. ಎಂದಾದರೂ ಮನುಷ್ಯ ಆ ಗ್ರಹದಲ್ಲಿ ಕಾಲಿಟ್ಟರೆ, ಸುಡುವ ವಿಕಿರಣದಿಂದಲೂ ಕೊರೆಯುವ ಚಳಿಯಿಂದಲೂ ಅವನಿಗೆ ಆಸರೆ ಸಿಗುವುದು ಅಂಥ ಗುಹೆಯ ಹೊಟ್ಟೆಯಲ್ಲೇ.

ನೂರಾರು ಚುಕ್ಕಿಗಳನ್ನು ತೆಗೆದುಹಾಕಿದ ಮೇಲೆ ಅವಳ ಬಳಿ ಎರಡು ಉಳಿದಿದ್ದವು. ಒಂದು ದೊಡ್ಡದು, ಹಾಲು ಚೆಲ್ಲಿದಂತೆ ಬೆಳ್ಳಗಿನದು. ಇನ್ನೊಂದು ಎಳ್ಳಿನಷ್ಟು ಚಿಕ್ಕದು, ಬೂದು ಬಣ್ಣದ್ದು. ನೌಕೆಯ ತೀಕ್ಷ್ಣ ಕ್ಯಾಮೆರಾ ಆ ಇಳಿಜಾರಿನ ಮೇಲೆ ಹಾಯಲಿದೆ, ಒಬ್ಬರಿಗೆ ಒಂದೇ ಜಾಗ, ಹೆಸರಿಸಿ ಎಂದು ಅಂದು ಬೆಳಿಗ್ಗೆ ಸಂದೇಶ ಬಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು ಇತ್ತು: ಗ್ರಹದ ಗಾಳಿಯನ್ನು ಗಮನಿಸುವ ಉಪಕರಣವು ದಕ್ಷಿಣದಲ್ಲಿ ಧೂಳು ಏಳುವುದನ್ನು ಕಂಡಿದೆ. ಧೂಳು ಕವಿದರೆ ತಿಂಗಳುಗಟ್ಟಲೆ ನೆಲವೇ ಕಾಣದು. ಈ ಸರದಿ ತಪ್ಪಿದರೆ ಮತ್ತೊಂದು ಯಾವಾಗಲೋ, ಯಾರಿಗೋ.

ಆಯ್ಕೆ ಸುಲಭವೆಂದೇ ಅವಳಿಗೆ ಅನಿಸಿತ್ತು. ಸುಳ್ಯದ ನಿವೃತ್ತ ಪ್ರಾಧ್ಯಾಪಕರೂ ಈ ಹುಡುಕಾಟದಲ್ಲಿ ಅವಳಿದ್ದ ತಂಡದ ಹಿರಿಯರೂ ಆದ ಕೃಷ್ಣಮೋಹನರು ಕೂಡ ಮಧ್ಯಾಹ್ನ ಫೋನಿನಲ್ಲಿ ದೊಡ್ಡದನ್ನೇ ಕಳುಹಿಸಲು ಹೇಳಿದ್ದರು. ಕತ್ತಲಾದ ಮೇಲೂ ಅಷ್ಟು ಬಿಸಿ ಉಗುಳುವುದು ಗುಹೆಯಲ್ಲದೆ ಬೇರೇನು? ಆದರೂ ಕಳುಹಿಸುವ ಗುಂಡಿಯ ಮೇಲೆ ಬೆರಳು ಇಡಲು ಏಕೋ ಮನಸ್ಸು ಒಪ್ಪುತ್ತಿರಲಿಲ್ಲ.

ಅಷ್ಟರಲ್ಲಿ ಹಿತ್ತಿಲ ದರೆಯಲ್ಲಿ, ಗುಡ್ಡ ಕಡಿದ ಮಣ್ಣಿನ ಗೋಡೆಯಲ್ಲಿ, ಇದ್ದ ಸುರಂಗದಿಂದ ಬೋಜಪ್ಪ ಹೊರಬಂದರು. ಆಲೆಟ್ಟಿಯ ಬೋಜಪ್ಪ ಸುರಂಗ ತೋಡುವವರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬನೇ ಬಗ್ಗಿ ನಡೆಯುವಷ್ಟು ದಾರಿ ಮಾಡಿ, ಒಳಗಿನ ನೀರನ್ನು ಹೊರಗೆ ಹರಿಸುವುದು ಅವರ ನಲವತ್ತು ವರ್ಷಗಳ ಕಸುಬು. ಈ ಮನೆಯ ಸುರಂಗವೂ ಅವರದೇ ಕೈಕೆಲಸ. ಅದರ ಮಣ್ಣು ಕುಸಿದು ನೀರು ಸಣ್ಣಗಾದ್ದರಿಂದ, ಎಪ್ಪತ್ತರ ವಯಸ್ಸಿನಲ್ಲೂ ಪಿಕ್ಕಾಸು ಹಿಡಿದು ಬಂದಿದ್ದರು. ತಲೆಯ ಮೇಲಿನ ಅಡಿಕೆ ಹಾಳೆಯ ಮುಟ್ಟಾಳೆಯಿಂದ ಕಾಲಿನ ಬೆರಳಿನವರೆಗೆ ಕೆಂಪು ಕೆಸರು. ಕೈಯಲ್ಲಿ, ಒಳಗೆ ಉಸಿರಾಡಲು ಗಾಳಿ ಇದೆಯೋ ಎಂದು ನೋಡಲು ಒಯ್ದು ಈಗ ಆರಿಸಿದ ಮೇಣದಬತ್ತಿಯ ತುಂಡು.

ನುಸೈಬಾಳ ಉಮ್ಮ ಕದೀಜಮ್ಮ ಚಾ ಮತ್ತು ಅಕ್ಕಿಹಿಟ್ಟಿನ ಕಲ್ತಪ್ಪವನ್ನು ಜಗಲಿಗೇ ತಂದಿಟ್ಟರು.

"ಎಂತ ಟೀಚರಮ್ಮ, ಕಲ್ಲಿನ ಹಾಗೆ ಕೂತದ್ದು?" ಎಂದರು ಬೋಜಪ್ಪ. "ಮಕ್ಕಳೆಲ್ಲ ಫೇಲಾ?"

ಅವಳು ನಕ್ಕು ಪರದೆಯನ್ನು ಅವರತ್ತ ತಿರುಗಿಸಿದಳು. ಮಂಗಳನ ನೆಲವೆಂದಳು, ಬೆಳ್ಳಗಿರುವುದು ಬಿಸಿಯೆಂದಳು, ಗುಹೆಯೊಳಗಿನ ಬೆಚ್ಚನೆಯ ಉಸಿರು ಈ ದೊಡ್ಡ ಚುಕ್ಕಿಯಲ್ಲಿ ಕಾಣುತ್ತಿದೆಯೆಂದಳು. ಬೋಜಪ್ಪ ಕೆಸರಾದ ಕನ್ನಡಕವನ್ನು ಒರೆಸಿ, ಹಾಕಿಕೊಂಡು, ಬಹಳ ಹೊತ್ತು ನೋಡಿದರು. ಕಲ್ತಪ್ಪದ ತುಂಡು ಕೈಯಲ್ಲೇ ಉಳಿಯಿತು.

"ಇದು ಎಷ್ಟು ಗಂಟೆಗೆ ತೆಗೆದದ್ದು?"

ಎರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ಅಲ್ಲಿ ಸೂರ್ಯ ಮುಳುಗಿ ಗಂಟೆಯೋ ಒಂದೂವರೆಯೋ ಆದಾಗ ಎಂದಳು.

ಬೋಜಪ್ಪನವರ ಮುಖದಲ್ಲಿ ನಾಚಿಕೆಯಂಥ ಒಂದು ನಗು ಮೂಡಿತು. ಬಾಗಿಲಲ್ಲಿ ನಿಂತಿದ್ದ ಕದೀಜಮ್ಮ ಬಿಡಲಿಲ್ಲ. "ಪಾದೆಯ ಕತೆ ಹೇಳಿ ಬೋಜಪ್ಪಣ್ಣ, ಅವಳಿಗೆ ಗೊತ್ತಿಲ್ಲ."

ಇಡೀ ಸೀಮೆಯಲ್ಲಿ ಅವರನ್ನು ಪಾದೆ ಬೋಜಪ್ಪ ಎಂದು ಕರೆಯುವುದು ನುಸೈಬಾಳಿಗೆ ಗೊತ್ತಿತ್ತು, ಏಕೆಂದು ಗೊತ್ತಿರಲಿಲ್ಲ. ಅವರು ಚಾ ಕುಡಿಯುತ್ತ ಹೇಳಿದರು. ಪ್ರಾಯದ ಕಾಲದಲ್ಲಿ ಸಂಪಾಜೆಯ ಬಳಿ ಒಬ್ಬರಿಗೆ ಸುರಂಗ ತೋಡಲು ಜಾಗ ನೋಡಬೇಕಿತ್ತಂತೆ. ಒಳಗೆ ನೀರಿನ ಪೊಳ್ಳು ಇರುವ ಗುಡ್ಡದ ಬಿರುಕಿಗೆ ಕೈ ಹಿಡಿದರೆ ಚಳಿಯ ಹೊತ್ತಿನಲ್ಲಿ ಬೆಚ್ಚಗಿನ ಗಾಳಿ ತಾಗುತ್ತದೆ. ಮುಸ್ಸಂಜೆಗೆ ಹೋಗಿ ಕೈ ಹಿಡಿದರು, ಬಿಸಿ ತಾಗಿತು, ಮರುದಿನವೇ ಕೊರೆಯಲು ಶುರುಮಾಡಿದರು. ಹನ್ನೆರಡು ಕೋಲು ಒಳಗೆ ಹೋದರೂ, ಎಂದರೆ ಐದು ಆಳುಗಳನ್ನು ಉದ್ದಕ್ಕೆ ಮಲಗಿಸಿದಷ್ಟು ದೂರ ಹೋದರೂ, ಸಿಕ್ಕಿದ್ದು ಬರೀ ಪಾದೆ, ಗಟ್ಟಿ ಬಂಡೆ. ಹನಿ ನೀರಿಲ್ಲ.

"ಪಾದೆ ಇಡೀ ದಿವಸ ಬಿಸಿಲು ಕುಡಿದು ಸಂಜೆ ವಾಪಸು ಕೊಡ್ತದೆ, ಮಗಾ. ನಾನು ಅದನ್ನು ಗುಡ್ಡದ ಉಸಿರು ಅಂತ ಎಣಿಸಿದೆ. ಕೈ ಹಿಡಿಯುದು ಸಂಜೆ ಅಲ್ಲ. ಬೆಳಗಿನ ಜಾವ. ಅಷ್ಟು ಹೊತ್ತಿಗೆ ಪಾದೆ ಆರಿರ್ತದೆ. ಆಗಲೂ ಬೆಚ್ಚಗೆ ಉಂಟಾದ್ರೆ ಮಾತ್ರ ಅದು ಒಳಗಿಂದ ಬರುದು."

ನುಸೈಬಾ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು.

ಬೆಳಗಿನ ಜಾವದ ಚಿತ್ರಗಳು ಇದ್ದವು! ನೌಕೆ ಆ ಇಳಿಜಾರಿನ ಮೇಲೆ ಹಾಯುವ ವೇಳೆ ವರ್ಷಗಳು ಕಳೆದಂತೆ ಸರಿದಿತ್ತು. ಹಳೆಯವು ಮುಸ್ಸಂಜೆಯವು, ಹೊಸವು ಸೂರ್ಯೋದಯಕ್ಕೆ ಮುಂಚಿನವು. ಮಂಗಳನ ಗಾಳಿ ತೀರಾ ತೆಳು, ಅದು ಬಿಸಿಯನ್ನು ಹಿಡಿದಿಡಲಾರದು. ಜಾವದ ಹೊತ್ತಿಗೆ ನೆಲವೆಲ್ಲ ಒಂದೇ ಸಮನೆ ಹೆಪ್ಪುಗಟ್ಟಿ, ಚಿತ್ರ ಮಸಿ ಬಳಿದಂತೆ ಮಸುಕಾಗಿರುತ್ತದೆ. ಅದರಲ್ಲಿ ಉಪಕರಣವೇ ಹುಟ್ಟಿಸುವ ಸುಳ್ಳು ಚುಕ್ಕಿಗಳ ಗಲೀಜೇ ಹೆಚ್ಚು, ಸಂಜೆಯ ಸ್ವಚ್ಛ ಚಿತ್ರ ಸಾಕು ಎಂದು ಕೃಷ್ಣಮೋಹನರು ಮೊದಲ ದಿನವೇ ಹೇಳಿದ್ದರು. ಅವಳು ಪ್ರಶ್ನಿಸದೆ ನಂಬಿದ್ದಳು. ಎರಡು ವರ್ಷ ಅವಳು ಸಂಜೆಯೇ ಕೈ ಹಿಡಿದಿದ್ದಳು.

ಚಿತ್ರವನ್ನು ಇಳಿಸಿಕೊಳ್ಳಲು ಹೊರಟರೆ ನೆಟ್‌ವರ್ಕ್ ಕೈಕೊಟ್ಟಿತು. ಲ್ಯಾಪ್‌ಟಾಪನ್ನೂ ಫೋನನ್ನೂ ಎತ್ತಿಕೊಂಡು ಅಂಗಳಕ್ಕೆ ಓಡಿದಳು, ಅಲ್ಲಿಂದ ದರೆ ಹತ್ತಿದಳು. ಹಿಂದೆ ಬೋಜಪ್ಪ, ಅವರ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತ ಕದೀಜಮ್ಮ. ದರೆಯ ತುದಿಯಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಕ್ಕಿತು. ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬಿಚ್ಚಿಕೊಳ್ಳತೊಡಗಿದಾಗ ಐದೂವರೆ.

ಕಪ್ಪು. ಮತ್ತಷ್ಟು ಕಪ್ಪು. ದೊಡ್ಡ ಚುಕ್ಕಿ ಇರಬೇಕಾದ ಕಡೆ ಅವಳು ಬೆರಳಿಟ್ಟಳು. ಅಲ್ಲಿ ಏನೂ ಇರಲಿಲ್ಲ. ಹಾಲು ಚೆಲ್ಲಿದ ಗುರುತೂ ಉಳಿಯದಂತೆ ಸುತ್ತಲಿನ ಕಪ್ಪಿನಲ್ಲಿ ಅದು ಕರಗಿಹೋಗಿತ್ತು.

"ಆರಿತು," ಎಂದರು ಬೋಜಪ್ಪ.

ಗೆರೆಗಳು ಇನ್ನೂ ಇಳಿದವು. ಚಿತ್ರದ ಕೆಳಮೂಲೆಯಲ್ಲಿ, ಎಳ್ಳಿನಷ್ಟು ಚಿಕ್ಕ ಚುಕ್ಕಿಯ ಜಾಗದಲ್ಲಿ, ಇಡೀ ಕತ್ತಲೆಯ ನಡುವೆ ಒಂದೇ ಒಂದು ಬಿಳಿ ಕಣ್ಣು ತೆರೆದಿತ್ತು.

ಉಪಕರಣದ ಗಲೀಜೇ ಇರಬಹುದೆಂಬ ಭಯದಿಂದ ಅವಳು ಬೇರೊಂದು ಜಾವದ ಚಿತ್ರವನ್ನೂ ತರಿಸಿದಳು. ಅಲ್ಲಿಯೂ ಅದು ಇತ್ತು. ಮೂರನೆಯದರಲ್ಲಿಯೂ ಇತ್ತು. ಕೃಷ್ಣಮೋಹನರಿಗೆ ಫೋನು ಮಾಡಿದರೆ ಅವರು ಒಪ್ಪಲಿಲ್ಲ. ಎಳ್ಳುಕಾಳಿನಷ್ಟು ಬೆಳಕನ್ನು ನಂಬಿ ಇಂಥ ಅವಕಾಶ ಕಳೆದುಕೊಳ್ಳಬಾರದೆಂದರು, ಕಡೆಗೆ ಜಾಗ ನಿನ್ನದು, ನಿರ್ಧಾರವೂ ನಿನ್ನದೇ ಎಂದರು. ಐದು ಐವತ್ತೆರಡಕ್ಕೆ ಅವಳು ಚಿಕ್ಕ ಚುಕ್ಕಿಯನ್ನು ಕಳುಹಿಸಿದಳು. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕುಳಿತು, ಬೋಜಪ್ಪ ಕೈಯಲ್ಲೇ ಹಿಡಿದು ತಂದಿದ್ದ ಅವರ ಪಾಲಿನ ಕಲ್ತಪ್ಪವನ್ನು ತಿಂದಳು.

ಹನ್ನೊಂದು ವಾರ ಕಾದಳು. ಧೂಳು ಎದ್ದಿತೆಂಬ ಸುದ್ದಿ ಬಂತು. ಧೂಳಿಗಿಂತ ನಾಲ್ಕು ದಿನ ಮೊದಲೇ ಕ್ಯಾಮೆರಾ ಹಾದುಹೋಗಿತ್ತೆಂಬ ಸುದ್ದಿಯೂ ಬಂತು. ಒಂದು ಶನಿವಾರ ಚಿತ್ರವೇ ಬಂತು.

ಆ ದಿನ ಬೋಜಪ್ಪ ಇದ್ದದ್ದು ಕಡಬದಲ್ಲಿ, ತಿಮ್ಮಕ್ಕ ಎಂಬವರ ಗುಡ್ಡದಲ್ಲಿ ಹೊಸ ಸುರಂಗ ತೋಡುತ್ತ. ನುಸೈಬಾ ಸ್ಕೂಟರನ್ನು ಗೇಟಿನಲ್ಲೇ ಬಿಟ್ಟು ಏದುಸಿರು ಬಿಡುತ್ತ ಹತ್ತಿದಳು. ಸುರಂಗದ ಬಾಯಲ್ಲಿ ನಿಂತು ಹೆಸರು ಹಿಡಿದು ಕೂಗಿದಳು. ಒಳಗಿನಿಂದ ಮೊದಲು ಮೇಣದಬತ್ತಿಯ ಬೆಳಕು ಬಂತು, ಹಿಂದಿನಿಂದ ಅವರು ಬಂದರು.

ಪರದೆಯ ಮೇಲೆ ಸಪಾಟಾದ ಕಂದು ನೆಲ, ಓರೆಬಿಸಿಲು, ನಡುವೆ ಕೈವಾರದಿಂದ ಬರೆದಂಥ ಗುಂಡನೆಯ ತೂತು. ಬಿಸಿಲು ಬಿದ್ದ ಕಡೆ ಅದರ ಗೋಡೆ ಒಂದಿಷ್ಟು ದೂರ ಕಾಣುತ್ತಿತ್ತು, ಅನಂತರ ಕತ್ತಲು. ಚಿತ್ರವನ್ನು ಎಷ್ಟು ಬೆಳಗಿಸಿದರೂ ತಳ ಸಿಕ್ಕಿಲ್ಲವೆಂದು ವಿಜ್ಞಾನಿಗಳು ಬರೆದಿದ್ದರು. ನೆರಳಿನ ಲೆಕ್ಕದಲ್ಲಿ ಆಳ ಅರುವತ್ತು ಮೀಟರಿಗಿಂತ ಕಡಿಮೆಯಿಲ್ಲ.

"ಅರುವತ್ತು ಮೀಟರು ಅಂದ್ರೆ..." ಬೋಜಪ್ಪ ಬೆರಳು ಮಡಿಚಿದರು. "ಎಂಬತ್ತು ಕೋಲಿನ ಮೇಲೆಯೇ ಹೋಯ್ತಲ್ಲ ಮಾರಾಯ್ತಿ." ಸ್ವಲ್ಪ ತಡೆದು, ಅದರೊಳಗೆ ಇಳಿಯುವವರಿಗೆ ಬತ್ತಿ ಉರಿಯುವಷ್ಟು ಗಾಳಿ ಉಂಟೋ ಎಂದು ವಿಚಾರಿಸಿದರು. ಇಲ್ಲ, ಹಚ್ಚಿದ ಕ್ಷಣವೇ ಆರುತ್ತದೆ, ಗಾಳಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋಗಬೇಕು ಎಂದಳು ಅವಳು. ಅವರಿಗೆ ಇದು ಸರಿಬರಲಿಲ್ಲ. ಬತ್ತಿ ಆರಿದ ಕಡೆಗೆ ಹೋಗುವ ಕೆಲಸ ತನ್ನದಲ್ಲವೆಂದರು. ಆದರೂ ಕಣ್ಣು ಪರದೆಯಿಂದ ಕದಲಲಿಲ್ಲ.

ಕಡೆಗೆ ಅವರು ಮನೆಯತ್ತ ತಿರುಗಿ ದೊಡ್ಡ ದನಿಯಲ್ಲಿ ಕರೆದರು. "ತಿಮ್ಮಕ್ಕ, ಇಲ್ಲಿ ಬನ್ನಿ. ಇನ್ನು ಮುಂದೆ ನನ್ನನ್ನು ಯಾರಾದ್ರೂ ಪಾದೆ ಬೋಜಪ್ಪ ಅಂದ್ರೆ ಈ ಟೀಚರಮ್ಮನ ಹತ್ತಿರ ಕಳಿಸುದು."

ಅಂಗಳದಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದ ತಿಮ್ಮಕ್ಕ ತಲೆ ಎತ್ತಲಿಲ್ಲ.

"ಮೊದಲು ನನ್ನ ಗುಡ್ಡದಲ್ಲಿ ನೀರು ತೋರಿಸಿ. ಮತ್ತೆ ನೋಡುವ."