ಸಿಲಿಂಡರಿಗೆ ಐದು ಗುಂಡಿಯ ಅಂಗಿ

ಆ ಬೀದಿಯ ದರ್ಜಿಗೆ ಹೊದಿಕೆಯ ಹುಚ್ಚು. ಹೊಲಿಗೆ ಯಂತ್ರಕ್ಕೊಂದು ಹೊದಿಕೆ, ಟಿ.ವಿ. ರಿಮೋಟಿಗೊಂದು, ಕಾರಿನ ಕೀಲಿಗೂ ಒಂದು. ಕಾರು ಕೊಂಡು ಮೂರು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ಕಿತ್ತಿರಲಿಲ್ಲ. ಬೇಸಗೆಯಲ್ಲಿ ಕೂತವರು ಏಳುವಾಗ ಪ್ಲಾಸ್ಟಿಕ್ಕೂ ಜೊತೆಗೇ ಏಳುತ್ತಿತ್ತು. ಆದರೆ ಒಳ್ಳೆಯ ಮಗ. ಮಂಡಿನೋವಿನ ತಾಯಿಯನ್ನು ವಾರಕ್ಕೆರಡು ಸಲ ತಾನೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಹಿಂದಿನ ಸೀಟಿನಲ್ಲಿ ಅವಳಿಗೆಂದೇ ಮೆತ್ತನೆಯ ದಿಂಬು ಹೊಲಿದು ಇಟ್ಟಿದ್ದ.

ಒಂದು ಭಾನುವಾರ ಅವನ ತಂಗಿ ಬಂದಳು. ಅವಳಿಗೆ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ. ಚಪ್ಪಲಿ ಬಿಡುವ ಮೊದಲೇ ಕೇಳಿದಳು:

"ಅಣ್ಣಾ, ಬೆಂಕಿ ಆರಿಸೋ ಸಿಲಿಂಡರ್ ಕೊಟ್ಟಿದ್ನಲ್ಲ, ಕಾರಲ್ಲಿ ಕೂರಿಸಿದ್ಯಾ?"

"ಕೂರಿಸೋದೇನು, ಮಲಗಿಸಿದೀನಿ. ಡಿಕ್ಕಿಯಲ್ಲಿ ಹಾಯಾಗಿದೆ."

"ಮುಂದೆ, ಕೈಗೆ ಸಿಗೋ ಹಾಗೆ ಬಿಗಿಸು ಅಂದಿದ್ದೆ!"

"ಬಿಗಿಸೋಕೆ ತೂತು ಕೊರೀಬೇಕು. ನನ್ನ ಕಾರಿಗಾ? ಇನ್ನೂ ಪ್ಲಾಸ್ಟಿಕ್ ತೆಗೆದಿಲ್ಲ ಕಣೇ!"

"ಬೆಳಗಿಂದ ಸಂಜೆವರೆಗೂ ಬಟ್ಟೆಗೆ ಸಾವಿರ ತೂತು ಹಾಕೋನು ನೀನು. ಅದು ಹೊಲಿಗೆ, ಇದು ಕೊಲೆನಾ?"

ಬಾಗಿಲಲ್ಲಿ ಕೂತಿದ್ದ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ದರ್ಜಿಗೆ ರೋಷ ಬಂತು.

"ಮೊದಲು ಕಾಲ ಹತ್ರಾನೇ ಇಟ್ಕೊಂಡಿದ್ದೆ. ಇಳಿಜಾರಲ್ಲಿ ಉರುಳ್ಕೊಂಡು ಬಂದು ಬ್ರೇಕ್ ಕೆಳಗೆ ಸೇರ್ಕೊಳ್ತು. ಜೀವ ಬಾಯಿಗೆ ಬಂದಿತ್ತು!"

"ಅದಕ್ಕೇ ಅಲ್ವಾ ಬಿಗಿಸು ಅಂದಿದ್ದು?"

"ಬೇಕಾದಾಗ ಕಣ್ಣು ಮಿಟುಕಿಸೋದ್ರಲ್ಲಿ ತೆಗೀತೀನಿ, ಬಿಡು."

"ಸರಿ, ನೋಡೇಬಿಡೋಣ. ಅಮ್ಮಾ, ಕಾರಲ್ಲಿ ಕೂತ್ಕೋ."

ತಾಯಿ ದಿಂಬಿನ ಮೇಲೆ ಕೂತು ಬೆಲ್ಟ್ ಹಾಕಿಕೊಂಡಳು. ದರ್ಜಿ ಇಂಜಿನ್ ಸ್ಟಾರ್ಟ್ ಮಾಡಿ ಸ್ಟೇರಿಂಗ್ ಹಿಡಿದ. ತಂಗಿ ಬಾನೆಟ್ ತಟ್ಟಿ ಕೂಗಿದಳು: "ಹೊಗೆ! ಹೊಗೆ!"

ದರ್ಜಿ ಇಂಜಿನ್ ಆರಿಸಿ ಬಾಣದ ಹಾಗೆ ಡಿಕ್ಕಿಗೆ ಓಡಿದ. ಮೊದಲು ಕೊಡೆ ಹೊರಬಂತು. ಆಮೇಲೆ ಗಿರಾಕಿಗಳ ಬಟ್ಟೆಯ ಎರಡು ಗಂಟು, ಇಸ್ತ್ರಿ ಪೆಟ್ಟಿಗೆ, ಅಂಗಡಿಯ ತಲೆಯಿಲ್ಲದ ಗೊಂಬೆ. ಎದುರುಮನೆಯಾಕೆ ಕಿಟಕಿಯಿಂದ ಇಣುಕಿ, "ಮನೆ ಖಾಲಿ ಮಾಡ್ತಿದ್ದೀರಾ?" ಎಂದಳು. ಕೊನೆಗೆ ಸಿಲಿಂಡರ್ ಸಿಕ್ಕಿತು. ಅದಕ್ಕೆ ನೀಲಿ ಬಟ್ಟೆಯ ಅಂಗಿ, ಐದು ಗುಂಡಿ, ಕುತ್ತಿಗೆಗೆ ಕಾಲರ್.

"ಅಂಗಿ ಬೇರೆ ತೊಡಿಸಿದ್ಯಾ?" ತಂಗಿ ಹಣೆ ಚಚ್ಚಿಕೊಂಡಳು.

"ಧೂಳು ಕೂರಬಾರದಲ್ಲ!" ದರ್ಜಿ ಗುಂಡಿ ಬಿಚ್ಚತೊಡಗಿದ. ನಾಲ್ಕು ಬಿಚ್ಚಿದವು. ಐದನೆಯದು ಜಪ್ಪಯ್ಯ ಅನ್ನಲಿಲ್ಲ. ಅದನ್ನು ಹಲ್ಲಿನಿಂದ ಕಿತ್ತು, ಸಿಲಿಂಡರನ್ನು ಆಟದಲ್ಲಿ ಗೆದ್ದ ಬಹುಮಾನದ ಹಾಗೆ ಮೇಲೆತ್ತಿ, "ನೋಡು!" ಎಂದು ತಿರುಗಿದ.

ತಾಯಿ ಇನ್ನೂ ಕಾರಿನಲ್ಲೇ ಇದ್ದಳು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮಡಿಸಲಾಗದೆ ಒಳಗೆ. ಎರಡು ಕೈಯಲ್ಲೂ ಬಾಗಿಲು ಹಿಡಿದಿದ್ದಳು.

"ಪರವಾಗಿಲ್ಲ ಕಣೋ," ಎಂದಳು, ಮಗನಿಗೆ ನೋವಾಗದಿರಲೆಂದು ನಗುತ್ತಾ. "ಮಂಡಿ ಸ್ವಲ್ಪ ಹಿಡ್ಕೊಂಡಿದೆ, ಅಷ್ಟೆ."

ದರ್ಜಿ ಎತ್ತಿದ ಕೈ ಇಳಿಸಿದ. ಅಷ್ಟು ಹೊತ್ತೂ ಅವನಿಗೆ ಅಮ್ಮನ ನೆನಪೇ ಬಂದಿರಲಿಲ್ಲ.

ತಂಗಿ ಗೇಲಿ ಮಾಡಲಿಲ್ಲ. ತಾಯಿಯ ಕಾಲನ್ನು ಮೆಲ್ಲಗೆ ಹೊರಗಿಳಿಸುತ್ತಾ ಹೇಳಿದಳು: "ಮೊದಲು ಜನ, ಆಮೇಲೆ ಕಾರು. ಎಲ್ಲರನ್ನೂ ದೂರ ಕಳಿಸಿ ನಮ್ಮ ಠಾಣೆಗೆ ಫೋನ್ ಮಾಡು. ಬೆಂಕಿ ಸಣ್ಣದಿದ್ರೆ ಮಾತ್ರ ಪಿನ್ ಎಳೆದು, ಉರಿಯ ಬುಡಕ್ಕೆ ಗುರಿಯಿಟ್ಟು ಹಿಡಿಕೆ ಒತ್ತು. ಬಾನೆಟ್ ಪೂರ್ತಿ ಎತ್ತಬೇಡ, ಗಾಳಿ ಸಿಕ್ಕಿ ಭಗ್ ಅನ್ನತ್ತೆ. ಬೆಂಕಿ ದೊಡ್ಡದಾದ್ರೆ ಕಾರಿನ ಆಸೆ ಬಿಟ್ಟು ದೂರ ಓಡು."

"ಓಡೋದೇ ಆದ್ರೆ ಸಿಲಿಂಡರ್ ಯಾಕೆ?"

"ಅಮ್ಮನ ಬೆಲ್ಟ್ ಸಿಕ್ಕಿಕೊಂಡ್ರೆ? ಮಂಡಿ ಹಿಂಗೆ ಹಿಡ್ಕೊಂಡ್ರೆ? ಅವಳು ಇಳಿಯೋವರೆಗೆ ಬೆಂಕಿನ ತಡೀಬೇಕಲ್ಲ ಕಣೋ ಅಣ್ಣ."

ದರ್ಜಿ ಸಿಲಿಂಡರನ್ನು ಮುಂದಿನ ಸೀಟಿನ ಬಳಿ ಹಿಡಿದು ನೋಡಿದ. ಆಮೇಲೆ, "ಎಷ್ಟು ತೂತು ಬೇಕು?" ಎಂದ.

ಮರುದಿನ ಮೆಕ್ಯಾನಿಕ್ ನಕ್ಕುಬಿಟ್ಟ. "ತೂತು ಯಾಕೆ ಸಾರ್? ಈ ಕಾರಿಗೇ ಅಂತ ಬ್ರಾಕೆಟ್ ಬರತ್ತೆ. ಸೀಟಿನ ಬೋಲ್ಟಿಗೇ ಕೂರತ್ತೆ." ಡ್ರೈವರ್ ಪಕ್ಕದ ಸೀಟಿನ ಮುಂದಿನ ಅಂಚಿನಲ್ಲಿ, ಬ್ರೇಕಿನಿಂದ ದೂರ, ಸಿಲಿಂಡರ್ ಅಲುಗಾಡದಂತೆ ಕೂತಿತು. ಅಂಗಿಯಿಲ್ಲದೆ.

ಸಂಜೆ ತಾಯಿ, ಮಗ ಕಾರಿನಲ್ಲಿ ಕೂತಿದ್ದಾಗ ತಂಗಿ ಮತ್ತೆ "ಹೊಗೆ!" ಎಂದಳು. ದರ್ಜಿ ಒಂದು ಕೈಯಲ್ಲಿ ಸಿಲಿಂಡರ್ ಸೆಳೆದುಕೊಂಡೇ ಇಳಿದ. ಇನ್ನೊಂದು ಕೈ ನೇರ ತಾಯಿಯ ಬೆಲ್ಟಿಗೆ ಹೋಯಿತು. ನಾವು ನೀವು ಉಸಿರೆಳೆದು ಬಿಡುವಷ್ಟರಲ್ಲಿ ಅವಳು ಹೊರಗಿದ್ದಳು.

"ಚೆನ್ನಾಗಿತ್ತು. ಇನ್ನೊಂದ್ಸಲ ಮಾಡೋಣ್ವಾ?" ಎಂದಳು ತಾಯಿ. ಸುಸ್ತಾಗಿದ್ದವನು ದರ್ಜಿ.

ಐದು ಗುಂಡಿಯ ಅಂಗಿ ಹಾಳಾಗಲಿಲ್ಲ. ಕಿತ್ತ ಗುಂಡಿ ಹೊಲಿದು, ಎರಡು ಬೆರಳು ಅಗಲ ಮಾಡಿ, ದರ್ಜಿ ಅದನ್ನು ತಾಯಿಯ ಮಂಡಿಗೆ ತೊಡಿಸಿದ. ಬೆಚ್ಚಗಿದೆಯಂತೆ. ಕಾಲರ್ ಮಾತ್ರ ಬೇಡವೆಂದಳಂತೆ.

ನಿಮ್ಮ ಕಾರಿನಲ್ಲಿ ಸಿಲಿಂಡರ್ ಇದೆಯೇ? ಇದ್ದರೆ ಎಲ್ಲಿದೆ? ಈ ಕಾಗದ ಕೆಳಗಿಟ್ಟು ಹೋಗಿ ನೋಡಿ. ಡ್ರೈವರ್ ಸೀಟಿನಲ್ಲಿ ಕೂತು ಕೈ ಚಾಚಿ. ಎಟುಕದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ ಎಟುಕುವಂತೆ ಬಿಗಿಸಿಕೊಳ್ಳಿ. ತಿಂಗಳಿಗೊಮ್ಮೆ ಅದರ ಒತ್ತಡದ ಮೀಟರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಕಣ್ಣು ಹಾಯಿಸಿ. ನಿಮ್ಮ ಹಿಂದಿನ ಸೀಟಿನಲ್ಲೂ ಯಾರೋ ನಿಮ್ಮನ್ನೇ ನಂಬಿ ಕೂತಿರುತ್ತಾರೆ.